ಅರ್ಧವಿರಾಮ ಸೋತ ಕಥೆ

1995ರಲ್ಲಿ ಬಿ.ಎಡ್. ಮುಗಿಸಿ ಶಾಲೆಗೆ ಸೇರಿದ ದಿನ ಕೈಗೆ ಬಂದ ಕೆಂಪು ಪೆನ್ನು ಇನ್ನೂ ನನ್ನ ಕೈ ಬಿಟ್ಟಿಲ್ಲ. ಮನೆಗೆ ಬಂದ ಮದುವೆಯ ಕರೆಯೋಲೆಯಲ್ಲೂ ತಪ್ಪು ಹುಡುಕುತ್ತೀಯಲ್ಲ ಎಂದು ನಮ್ಮ ಮನೆಯವರು ನಗುತ್ತಾರೆ. ಏನು ಮಾಡಲಿ, ಕಣ್ಣಿಗೆ ಬಿದ್ದ ತಪ್ಪನ್ನು ಬಿಟ್ಟು ಮುಂದೆ ಹೋಗುವುದು ನನ್ನಿಂದಾಗದು. ಆದರೆ ತಪ್ಪು ಯಾರದೆಂದು ವಿಚಾರಿಸದೆ ಗೀಟು ಎಳೆದ ಪ್ರಸಂಗವೂ ಒಂದುಂಟು. ಅದನ್ನು ಹೇಳಿಕೊಳ್ಳದೆ ಸಮಾಧಾನವಿಲ್ಲ.

ನಡೆದದ್ದು 2022ರಲ್ಲಿ. ನಮ್ಮ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆ ಇಲ್ಲ, ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಿತ್ತು. ಈಗ ಎಲ್ಲವೂ ಆನ್‌ಲೈನ್ ತಾನೇ? ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಅಂಗಡಿಯಲ್ಲಿ ಕುಳಿತು ಅರ್ಜಿ ತುಂಬಿದಳು. ಎಲ್ಲ ಮುಗಿದ ಮೇಲೆ ಪರದೆಯಲ್ಲಿ ಒಂದು ಉದ್ದನೆಯ ವಿಳಾಸ ಬಂತು. ಅದನ್ನು ಬರೆದಿಟ್ಟುಕೊಳ್ಳಿ, ಸ್ವೀಕೃತಿ ಪತ್ರವನ್ನು ಆ ವಿಳಾಸದಿಂದಲೇ ಪಡೆಯಿರಿ ಎಂಬ ಸೂಚನೆ. ಅಂಗಡಿಯ ಪ್ರಿಂಟರ್ ಆವತ್ತು ಕೆಟ್ಟಿತ್ತು. ಹುಡುಗಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅಕ್ಷರಕ್ಕೆ ಅಕ್ಷರ ನೋಡಿ ಬರೆದುಕೊಂಡು ಬಂದಳು.

ಆ ಸ್ವೀಕೃತಿ ಪತ್ರಕ್ಕೆ ನಮ್ಮ ಹೆಡ್‌ಮಾಸ್ಟರ ಸಹಿ ಹಾಕಿಸಿ ಕಳಿಸಲು ಎರಡು ದಿನ ಉಳಿದಿತ್ತು. ಶಾಲೆಯ ಕಂಪ್ಯೂಟರಿನಲ್ಲಿ ನಾನೇ ಆ ವಿಳಾಸ ಒತ್ತತೊಡಗಿದೆ. ನಡುವೆ ಒಂದು ಕಡೆ ಇಂಗ್ಲಿಷಿನ ಆರ್ ಅಕ್ಷರವನ್ನು ಬರೆದು ಸುತ್ತಲೂ ಗುಂಡಗೆ ಬಳೆ ಎಳೆದಿತ್ತು. ಔಷಧಿ ಡಬ್ಬದ ಮೇಲೆ, ಸೋಪಿನ ಹೊದಿಕೆಯ ಮೇಲೆ ಕಂಪನಿಯ ಹೆಸರಿನ ಪಕ್ಕ ಸಣ್ಣದಾಗಿ ಇರುತ್ತದಲ್ಲ, ಅದೇ. ಹುಡುಗಾಟಕ್ಕೆ ಗೀಚಿದ್ದಾಳೆ ಎಂದುಕೊಂಡು ಬರೀ ಆರ್ ಒತ್ತಿದೆ. ಈ ಸಂಖ್ಯೆಯ ಅರ್ಜಿ ಇಲ್ಲ ಎಂದಿತು. ಆರ್ ಬಿಟ್ಟು ಒತ್ತಿದೆ. ಇಲ್ಲ. ಐದಾರು ಸಲ ಆಯಿತು. ಕಚೇರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ನನಗೆ ತಲೆ ಕೆಟ್ಟಿತು.

"ನೋಡಿದ್ದನ್ನು ನೋಡಿದ ಹಾಗೆ ಬರೆಯೋಕೂ ಬರಲ್ವೇನೇ ನಿಂಗೆ? ಹತ್ತು ವರ್ಷ ಕಲಿತದ್ದು ಇದೇನಾ?" ಎಂದು ಎಲ್ಲರ ಎದುರಿಗೇ ಬೈದೆ.

"ಅಲ್ಲಿ ಹಂಗೇ ಇತ್ತು ಮಿಸ್" ಎಂದಳು.

"ಎದುರು ಮಾತು ಬೇರೆ" ಎಂದು ಆ ಬಳೆಯ ಮೇಲೆ ಕೆಂಪು ಪೆನ್ನಿನಿಂದ ಅಡ್ಡಗೀಟು ಹಾಕಿದೆ. ಮಾರನೆಯ ದಿನ ತಾಯಿ ಕೆಲಸಕ್ಕೆ ರಜೆ ಹಾಕಿ ಬಂದರು. ಒಂದು ದಿನದ ಕೂಲಿ ಹೋಯಿತು. "ತಪ್ಪಾಯ್ತು ಮೇಡಂ, ಹುಡುಗಿಗೆ ತಿಳಿಯಲಿಲ್ಲ" ಎಂದು ಆಕೆ ಕೈಮುಗಿದದ್ದು ಈಗಲೂ ಕಣ್ಣ ಮುಂದಿದೆ.

ಆ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ನೆನಪಾಯಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ನೋಟ್‌ಬುಕ್ಕಿನ ಹಾಳೆಯ ಫೋಟೊ ತೆಗೆದು ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಮಿಸ್, ಹುಡುಗಿ ಸರಿಯಾಗೇ ಬರೆದಿದ್ದಾಳೆ. ತಪ್ಪು ಆ ಪುಟ ಮಾಡಿದವರದು. ಬಳೆ ಇರೋ ಕಡೆ & ಅಂತ ಹಾಕಿ, ಮುಂದೆ ಆರ್, ಇ, ಜಿ ಅಂತ ಒತ್ತಿ" ಎಂದ. ಒತ್ತಿದೆ. ಹುಡುಗಿಯ ಹೆಸರು, ತಾಯಿಯ ಹೆಸರು, ಅರ್ಜಿ ಎಲ್ಲ ಪರದೆಯ ಮೇಲೆ ಬಂತು. ನನ್ನ ಕೆಂಪು ಗೀಟು ಮೇಜಿನ ಮೇಲೆ ಹಾಗೇ ಇತ್ತು.

ಆರ್, ಇ, ಜಿ ಎಂದರೆ ರೆಗ್, ರಿಜಿಸ್ಟರ್ ನಂಬರಿನ ಮೋಟು ಹೆಸರು. ಅದು ಹೇಗೆ ಬಳೆ ತೊಟ್ಟ ಆರ್ ಆಯಿತು? ಆ ಹುಡುಗ ಒಂದಿಷ್ಟು ಹೇಳಿದ. ಉಳಿದದ್ದನ್ನು ನಾನೇ ಓದಿ ತಿಳಿದುಕೊಂಡೆ. ಓದುತ್ತಾ ಹೋದರೆ ಅದರೊಳಗೆ ನನ್ನ ವ್ಯಾಕರಣದ ಪಾಠದ ಅರ್ಧವಿರಾಮವೇ ಕುಳಿತಿತ್ತು! ಕಂಪ್ಯೂಟರ್ ವಿಷಯ ನಮಗೇಕೆ ಎಂದು ಹಾಳೆ ತಿರುಗಿಸಬೇಡಿ. ಗ್ಯಾಸ್ ಬುಕ್ ಮಾಡುವ, ಕರೆಂಟ್ ಬಿಲ್ ಕಟ್ಟುವ ನಾವೆಲ್ಲ ದಿನವೂ ಈ ವಿಳಾಸಗಳ ಮೇಲೇ ಓಡಾಡುತ್ತಿದ್ದೇವೆ.

ವೆಬ್ ವಿಳಾಸದ ಬಾಲವನ್ನು ನೀವೂ ನೋಡಿರಬಹುದು. ಮೊದಲಿಗೆ ಜಾಲತಾಣದ ಹೆಸರು. ಆಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ. ಅದರಾಚೆಗೆ ಇರುವುದು ನಾವು ಅಂಗಡಿಗೆ ಕಳಿಸುವ ಚೀಟಿಯ ಹಾಗೆ: ಅಕ್ಕಿ=5&ಬೇಳೆ=2&ಎಣ್ಣೆ=1. ಯಾವ ಪದಾರ್ಥ, ಎಷ್ಟು ಎಂಬುದಕ್ಕೆ ನಡುವೆ ಸಮಚಿಹ್ನೆ. ಒಂದು ಪದಾರ್ಥ ಮುಗಿದು ಇನ್ನೊಂದು ಶುರುವಾಯಿತು ಎನ್ನುವುದಕ್ಕೆ & ಎಂಬ ಗಡಿಗಲ್ಲು. ಅಷ್ಟೇ. ಇನ್ನೊಂದು ತುದಿಯಲ್ಲಿರುವ ಯಂತ್ರ, ಅಂದರೆ ಸರ್ವರ್, ಆ ಗಡಿಗಲ್ಲುಗಳನ್ನು ನೋಡಿಕೊಂಡು ಚೀಟಿಯನ್ನು ಬಿಡಿಸಿ ಓದುತ್ತದೆ. ಗಡಿಗಲ್ಲು ಅಳಿಸಿದರೆ ಅಕ್ಕಿಯ ಲೆಕ್ಕಕ್ಕೆ ಬೇಳೆ ಸೇರಿಹೋಗುತ್ತದೆ.

ಈ & ಬಹಳ ಹಳೆಯದು. ಲ್ಯಾಟಿನ್ ಭಾಷೆಯಲ್ಲಿ 'ಮತ್ತು' ಎನ್ನಲು 'ಎಟ್' ಎನ್ನುತ್ತಾರೆ. ಆ ಇ ಮತ್ತು ಟಿ ಅಕ್ಷರಗಳನ್ನು ಬರವಣಿಗೆಯ ಅವಸರದಲ್ಲಿ ಒಂದಕ್ಕೊಂದು ಹೊಸೆದದ್ದೇ ಈ ಚಿಹ್ನೆ. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಪಾಂಪೆ ನಗರದ ಗೋಡೆಬರಹದಲ್ಲೂ ಇದರ ಹಳೆಯ ರೂಪ ಸಿಕ್ಕಿದೆ. ಇಂಗ್ಲಿಷ್ ಮಕ್ಕಳು ಹತ್ತೊಂಬತ್ತನೆಯ ಶತಮಾನದಲ್ಲಿ ಅಕ್ಷರಮಾಲೆ ಒಪ್ಪಿಸುವಾಗ ಝಡ್ ಆದಮೇಲೆ ಇದನ್ನೂ ಸೇರಿಸಿ 'ಆಂಡ್ ಪರ್ ಸೇ ಆಂಡ್' ಎನ್ನುತ್ತಿದ್ದರಂತೆ. ತಾನೊಂದೇ ನಿಂತು ಆಂಡ್ ಎನಿಸಿಕೊಳ್ಳುವ ಅಕ್ಷರ ಎಂದು ಅರ್ಥ. ಮಕ್ಕಳ ಬಾಯಲ್ಲಿ ಉರುಳಿ ಉರುಳಿ ಅದು 'ಆಂಪರ್‌ಸ್ಯಾಂಡ್' ಆಯಿತು. ನಮ್ಮ ಕನ್ನಡದಲ್ಲಿ ಇಂಥದೊಂದರ ಅಗತ್ಯ ಅಷ್ಟಾಗಿ ಬೀಳಲಿಲ್ಲ. 'ಅಕ್ಕನೂ ತಂಗಿಯೂ ಬಂದರು' ಎಂದು ಪದದ ಕೊನೆಗೇ ಒಂದು ಊಕಾರ ಸೇರಿಸಿದರೆ ಮುಗಿಯಿತು.

ಅರ್ಧವಿರಾಮ ಇದಕ್ಕಿಂತ ಕಿರಿಯದು. ವೆನಿಸ್ ನಗರದಲ್ಲಿ ಆಲ್ಡಸ್ ಮನೂಷಿಯಸ್ ಎಂಬ ಮುದ್ರಕನಿದ್ದ. ಪಿಯೆತ್ರೊ ಬೆಂಬೊ ಬರೆದ, ಎಟ್ನಾ ಅಗ್ನಿಪರ್ವತದ ಕುರಿತ ಪುಸ್ತಕವನ್ನು 1496ರಲ್ಲಿ ಅಚ್ಚು ಹಾಕಿದಾಗ ಈ ಚುಕ್ಕಿ-ಬಾಲದ ಅಚ್ಚುಮೊಳೆಯನ್ನು ಮಾಡಿಸಿ ಬಳಸಿದ. ಅಲ್ಪವಿರಾಮಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕು, ಆದರೆ ಮಾತು ಮುಗಿದಿಲ್ಲ ಎಂದು ತಿಳಿಸಲು. ಇಂಗ್ಲಿಷಿನ ಮೂಲಕ ಅದು ನಮ್ಮ ವ್ಯಾಕರಣದ ಪುಸ್ತಕಗಳಿಗೂ ಬಂತು. ಮಕ್ಕಳು ಅದನ್ನು ಬಳಸುವುದು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಮಾತ್ರ.

ಇವೆರಡೂ ಕಂಪ್ಯೂಟರಿನೊಳಗೆ ಎದುರುಬದುರಾದದ್ದು ಹೀಗೆ. 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ, ವಿಜ್ಞಾನಿಗಳು ತಮ್ಮ ಬರಹಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಓದುವಂತಾಗಬೇಕೆಂದು ಒಂದು ಯೋಜನೆ ಬರೆದು ಕೊಟ್ಟರು. 1990ರ ಕೊನೆಗೆ ಅದು ಕೆಲಸ ಮಾಡತೊಡಗಿತು. ಅದೇ ಇಂದಿನ ವೆಬ್. ಪುಟ ಬರೆಯುವ ಕ್ರಮಕ್ಕೆ ಎಚ್‌ಟಿಎಂಎಲ್ ಎಂದು ಹೆಸರು. ಅದರ ರೀತಿನೀತಿಗಳನ್ನು ಎಸ್‌ಜಿಎಂಎಲ್ ಎಂಬ ಹಿರಿಯ ಪದ್ಧತಿಯಿಂದ ತೆಗೆದುಕೊಂಡರು. ಐಬಿಎಂ ಕಂಪನಿಯಲ್ಲಿದ್ದ, ಮೊದಲು ವಕೀಲಿ ಓದಿದ್ದ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಅವರ ಜೊತೆಗಾರರ ಕೆಲಸದಿಂದ ಬೆಳೆದ ಆ ಪದ್ಧತಿ 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿತ್ತು.

ಎಸ್‌ಜಿಎಂಎಲ್ ಮನೆಯಲ್ಲಿ & ಮತ್ತು ; ಜೋಡಿಯಾಗಿ ದುಡಿಯುತ್ತಿದ್ದವು. ಕೀಲಿಮಣೆಯಲ್ಲಿ ಇಲ್ಲದ ಚಿಹ್ನೆ ಬೇಕಾದರೆ & ಹಾಕಿ, ಅದರ ಹೆಸರು ಬರೆದು, ಅರ್ಧವಿರಾಮದಿಂದ ಮುಚ್ಚಬೇಕು. ಇಂಗ್ಲಿಷ್ ಅಕ್ಷರಗಳನ್ನು ಕನ್ನಡದಲ್ಲಿ ಬರೆದು ತೋರಿಸುವುದಾದರೆ, &ಕಾಪಿ; ಎಂದರೆ ಪುಸ್ತಕದ ಹಕ್ಕು ತಿಳಿಸುವ, ಬಳೆಯೊಳಗಿನ ಸಿ. &ರೆಗ್; ಎಂದರೆ ಬಳೆಯೊಳಗಿನ ಆರ್. & ಬಾಗಿಲು ತೆರೆಯುತ್ತದೆ, ಅರ್ಧವಿರಾಮ ಮುಚ್ಚುತ್ತದೆ. ಆದರೆ ಬ್ರೌಸರ್‌ಗಳು ಉದಾರಿಗಳು. ಬರೆಯುವವರು ಕೊನೆಯ ಅರ್ಧವಿರಾಮ ಮರೆತರೂ, ಇಂಥ ಕೆಲವು ಹಳೆಯ ಹೆಸರುಗಳನ್ನು ತಾವೇ ಊಹಿಸಿ ಚಿಹ್ನೆ ಹಾಕಿಬಿಡುತ್ತವೆ.

ಇನ್ನೊಂದು ಕಡೆ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಮಾರ್ಕ್ ಆಂಡ್ರೀಸನ್, ಎರಿಕ್ ಬಿನಾ ಎಂಬ ತರುಣರು ಮೊಸಾಯಿಕ್ ಎಂಬ ಬ್ರೌಸರ್ ಕಟ್ಟಿದ್ದರು. 1993ರ ಕೊನೆಯ ಹೊತ್ತಿಗೆ ಅದರಲ್ಲಿ ಅರ್ಜಿ ತುಂಬುವ ಸೌಲಭ್ಯ ಬಂತು. ತುಂಬಿದ ಕೋಷ್ಟಕಗಳನ್ನು ಸರ್ವರಿಗೆ ಕಳಿಸುವಾಗ ಒಂದರಿಂದ ಒಂದನ್ನು ಬೇರ್ಪಡಿಸಲು ಒಂದು ಚಿಹ್ನೆ ಬೇಕಿತ್ತು. & ಎಂದರೆ 'ಮತ್ತು' ತಾನೇ? ಹೆಸರು ಮತ್ತು ಊರು ಮತ್ತು ವಯಸ್ಸು. ಸಹಜವಾಗಿಯೇ ಇತ್ತು. ಅದೇ ನಿಂತಿತು. ವೆಬ್ ಹಬ್ಬುತ್ತಿದ್ದ ವೇಗಕ್ಕೆ ಅದೇ ಊರೆಲ್ಲ ಹರಡಿತು.

ತೊಡಕು ಎಲ್ಲಿ ಬಂತೆಂದು ನಿಮಗೀಗ ಹೊಳೆದಿರಬಹುದು. ವಿಳಾಸದ ಊರಿನಲ್ಲಿ & ಎಂದರೆ ಗಡಿಗಲ್ಲು. ಪುಟದ ಊರಿನಲ್ಲಿ & ಎಂದರೆ ಬಾಗಿಲು. ವಿಳಾಸವನ್ನು ಪುಟದೊಳಗೆ ಬರೆಯಬೇಕಾದಾಗ? ಎರಡು ಮನೆಯ ಸೊಸೆಯಾದಂತಾಯಿತು ಅದರ ಗತಿ. ?ವರ್ಷ=2022&ರೆಗ್=417 ಎಂದು ಬರೆದರೆ, &ರೆಗ್ ಎಂಬುದನ್ನು ನೋಡಿದ ಬ್ರೌಸರ್, ಓಹೋ ಬಳೆಯೊಳಗಿನ ಆರ್ ಬೇಕಂತೆ ಎಂದು ತಿಳಿದುಕೊಳ್ಳಬಹುದು. ನಮ್ಮ ಹುಡುಗಿಯ ಪರದೆಯಲ್ಲಿ ಆದದ್ದು ಇದೇ. ಆಕೆ ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದಳು.

ಇದಕ್ಕೆ ಮದ್ದು ಇಲ್ಲದಿರಲಿಲ್ಲ. ಪುಟದೊಳಗೆ ಬರಿಯ & ಬೇಕಾದಾಗಲೂ ಅದರ ಪೂರ್ತಿ ಹೆಸರನ್ನೇ, ಅಂದರೆ &ಆಂಪ್; ಎಂದು, ಅರ್ಧವಿರಾಮದ ಸಮೇತ ಬರೆಯಬೇಕು. ನಿಯಮ ಇದೆ, ಪಾಲಿಸುವವರು ಯಾರು? ಆಗ ವೆಬ್ ಪುಟ ಬರೆಯುತ್ತಿದ್ದವರಲ್ಲಿ ಪಂಡಿತರಷ್ಟೇ ಇರಲಿಲ್ಲ. ವಿದ್ಯಾರ್ಥಿಗಳು, ಅಂಗಡಿಯವರು, ಹವ್ಯಾಸಿಗಳು, ಎಲ್ಲರೂ ಇದ್ದರು.

1995ರ ನವೆಂಬರಿನಲ್ಲಿ ಎಚ್‌ಟಿಎಂಎಲ್‌ನ ಎರಡನೆಯ ಆವೃತ್ತಿಯ ನಿಯಮಗಳು ಹೊರಬಂದವು. ನಾನು ಮೊದಲ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿದ ವರ್ಷ ಅದು. ಬರೆದವರು ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನಲಿ. ಅದರಲ್ಲಿ ಅವರು ಈ ತೊಡಕನ್ನು ಒಪ್ಪಿಕೊಂಡು ಒಂದು ಸಲಹೆ ಕೊಟ್ಟರು. ಸರ್ವರ್ ಮಾಡುವವರು ವಿಳಾಸದಲ್ಲಿ & ಬದಲಿಗೆ ಅರ್ಧವಿರಾಮವನ್ನೂ ಗಡಿಗಲ್ಲಾಗಿ ಸ್ವೀಕರಿಸುವಂತೆ ಮಾಡಿ, ಬರೆಯುವವರ ಕಷ್ಟ ತಪ್ಪುತ್ತದೆ ಎಂದು. ಒಳ್ಳೆಯ ಸಲಹೆ. ಅಕ್ಕಿ=5;ಬೇಳೆ=2 ಎಂದು ಬರೆದರೆ ಪುಟದಲ್ಲಿ ಯಾವ ಗೊಂದಲವೂ ಇಲ್ಲ. ಬಾಗಿಲು ತೆರೆಯುವುದು & ಮಾತ್ರ, ಅರ್ಧವಿರಾಮ ಒಂದೇ ಇದ್ದರೆ ಯಾರನ್ನೂ ಕಾಡುವುದಿಲ್ಲ. 1997ರ ಕೊನೆಗೆ ಬಂದ ನಾಲ್ಕನೆಯ ಆವೃತ್ತಿಯೂ, 1999ರಲ್ಲಿ ಬಂದ ಅದರ ತಿದ್ದುಪಡಿಯೂ ಇದೇ ಸಲಹೆಯನ್ನು ಮತ್ತೆ ಹೇಳಿದವು. ಆದರೆ ಎಲ್ಲಿ? ಕೊನೆಯ ಅನುಬಂಧದಲ್ಲಿ. ಮದುವೆಮನೆಯಲ್ಲಿ ಅಜ್ಜಿ ಹೇಳುವ ಬುದ್ಧಿಮಾತಿನ ಹಾಗೆ, ಕೇಳಿದರೆ ಕೇಳಬಹುದು, ಬಿಟ್ಟರೆ ಬಿಡಬಹುದು.

ಕೆಲವರು ಕೇಳಿದರು. ಲಿಂಕನ್ ಸ್ಟೈನ್ ಅವರು ಪರ್ಲ್ ಭಾಷೆಯಲ್ಲಿ ಬರೆದ, ಆ ಕಾಲದಲ್ಲಿ ಬಹಳ ಬಳಕೆಯಲ್ಲಿದ್ದ ಸಲಕರಣೆ ಅರ್ಧವಿರಾಮವನ್ನು ಒಪ್ಪಿತು. ಪೈಥಾನ್ ಭಾಷೆಯ ಸಲಕರಣೆಯೂ ಎರಡನ್ನೂ ಒಪ್ಪಿತು. ಆದರೂ ಅರ್ಧವಿರಾಮ ಗೆಲ್ಲಲಿಲ್ಲ. ಏಕೆಂದರೆ ಅರ್ಜಿ ತುಂಬಿ ಗುಂಡಿ ಒತ್ತಿದಾಗ ವಿಳಾಸ ಕಟ್ಟುವುದು ಬ್ರೌಸರ್, ಅದು ಹಾಕುತ್ತಿದ್ದುದು & ಮಾತ್ರ. ಸಲಹೆ ಹೋದದ್ದು ಸರ್ವರಿನವರಿಗೆ. ಬರೆಯುವ ಕೈ & ಬರೆಯುತ್ತಲೇ ಇರುವಾಗ ಓದುವ ಕಣ್ಣಿಗೆ ಇನ್ನೊಂದನ್ನೂ ಕಲಿ ಎಂದರೆ ಯಾರು ಕಲಿತಾರು? ಜೊತೆಗೆ ಬರಿಯ & ಬರೆದರೂ ಹೆಚ್ಚಿನ ಸಲ ಏನೂ ಆಗುತ್ತಿರಲಿಲ್ಲ. ಹೆಸರು ಅಕಸ್ಮಾತ್ತಾಗಿ ರೆಗ್ ಎಂದೋ ಕಾಪಿ ಎಂದೋ ಇದ್ದಾಗ ಮಾತ್ರ ಎಡವಟ್ಟು. ಅಪರೂಪಕ್ಕೆ ಬೀಳುವ ಪೆಟ್ಟಿನಿಂದ ಯಾರೂ ಅಭ್ಯಾಸ ಬದಲಿಸುವುದಿಲ್ಲ. ಪೆಟ್ಟು ತಿಂದವರು ಮಾತ್ರ ಅಳುತ್ತಾರೆ.

ಕೊನೆಗೆ ನಿಯಮವೇ ಬಳಕೆಗೆ ತಲೆಬಾಗಿತು. 2014ರ ಅಕ್ಟೋಬರ್ 28ರಂದು ಎಚ್‌ಟಿಎಂಎಲ್‌ನ ಐದನೆಯ ಆವೃತ್ತಿ ಅಧಿಕೃತವಾಯಿತು. ಚೀಟಿಯನ್ನು ಬಿಡಿಸಿ ಓದುವುದು & ಇರುವಲ್ಲಿ ಮಾತ್ರ ಎಂದು ಅದರಲ್ಲಿ ಬರೆದರು. ಅರ್ಧವಿರಾಮದ ಸಲಹೆ ಬಿಟ್ಟುಹೋಯಿತು. ಒಂದು ಕನಿಕರವನ್ನೂ ತೋರಿಸಿದರು. ಒತ್ತಿದರೆ ಬೇರೆ ಪುಟಕ್ಕೆ ಹೋಗುವ ಕೊಂಡಿಯ ಒಳಗಿನ ವಿಳಾಸದಲ್ಲಿ, &ರೆಗ್ ಎಂಬುದರ ಮುಂದೆ ಸಮಚಿಹ್ನೆ ಇದ್ದರೆ ಅದನ್ನು ಬಳೆಯ ಆರ್ ಮಾಡಬಾರದು, ಇದ್ದ ಹಾಗೇ ಬಿಡಬೇಕು ಎಂದು. ಹಳೆಯ ತಪ್ಪುಗಳಿಗೆ ಕ್ಷಮಾದಾನ. ಆದರೆ ಈ ಕ್ಷಮಾದಾನ ಕೊಂಡಿಗೆ ಮಾತ್ರ, ಪರದೆಯಲ್ಲಿ ಓದಲೆಂದು ಬರೆದ ಸಾಲಿಗೆ ಅಲ್ಲ. ನಮ್ಮ ಹುಡುಗಿಯ ವಿಳಾಸವನ್ನು ಕಚೇರಿಯವರು ಒತ್ತುವ ಕೊಂಡಿಯಾಗಿ ಕೊಟ್ಟಿರಲಿಲ್ಲ. ಬರೀ ಓದುವ ಸಾಲಾಗಿ ಹಾಕಿ, ಬರೆದುಕೊಳ್ಳಿ ಎಂದಿದ್ದರು. ಕೊಂಡಿ ಕೊಟ್ಟಿದ್ದರೆ ಅವಳು ಬೈಸಿಕೊಳ್ಳುವ ಪ್ರಸಂಗವೇ ಬರುತ್ತಿರಲಿಲ್ಲ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಕೆಲವರು ಕೇಳಿ, ಹಲವರು ಬಿಟ್ಟ ಸಲಹೆ ಒಂದು ಅಪಾಯವನ್ನೇ ಹುಟ್ಟಿಸಿತ್ತು. ದೊಡ್ಡ ಜಾಲತಾಣಗಳಲ್ಲಿ ನಮಗೂ ಸರ್ವರಿಗೂ ನಡುವೆ ಇನ್ನೊಂದು ಯಂತ್ರ ಇರುತ್ತದೆ. ಅಂಗಡಿಯ ಬಾಗಿಲಲ್ಲಿ ನಿಂತ ಹುಡುಗನಂತೆ, ಜನ ಪದೇ ಪದೇ ಕೇಳುವ ಸಾಮಾನನ್ನು ಪೊಟ್ಟಣ ಕಟ್ಟಿ ಇಟ್ಟುಕೊಂಡಿರುತ್ತದೆ. ಆ ಹುಡುಗನಿಗೆ ಗೊತ್ತಿರುವುದು & ಮಾತ್ರ, ಒಳಗಿನ ಸಾಹುಕಾರನಿಗೆ ಅರ್ಧವಿರಾಮವೂ ಗೊತ್ತು ಎಂದಿಟ್ಟುಕೊಳ್ಳಿ. ಕೇಡಿಗನೊಬ್ಬ, ಹುಡುಗ ಲಕ್ಷ್ಯಕ್ಕೇ ತೆಗೆದುಕೊಳ್ಳದ ಬಾಬತ್ತಿನ ಬಾಲಕ್ಕೆ ಅರ್ಧವಿರಾಮ ಹಾಕಿ ಇನ್ನೇನನ್ನೋ ಬರೆದು ಕಳಿಸುತ್ತಾನೆ. ಹುಡುಗನ ಕಣ್ಣಿಗೆ ಅದು ಮಾಮೂಲಿ ಚೀಟಿ. ಸಾಹುಕಾರ ಅರ್ಧವಿರಾಮವನ್ನು ಗಡಿಯೆಂದು ಓದಿ ಬೇರೆ ಸಾಮಾನು ಕೊಡುತ್ತಾನೆ. ಹುಡುಗ ಅದಕ್ಕೆ ಮಾಮೂಲಿ ಹೆಸರಿನ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟು, ಆಮೇಲೆ ಬಂದವರಿಗೆಲ್ಲ ಅದನ್ನೇ ಹಂಚುತ್ತಾನೆ. ಈ ದಾರಿಯನ್ನು ಮುಚ್ಚಲೆಂದು 2021ರ ಫೆಬ್ರವರಿಯಲ್ಲಿ ಪೈಥಾನ್ ಬಳಗದವರು ಅರ್ಧವಿರಾಮವನ್ನು ಕೈಬಿಟ್ಟರು. ಆ ವರ್ಷದ ಆಗಸ್ಟಿನಲ್ಲಿ ಗೂಗಲ್‌ನಲ್ಲಿ ಹುಟ್ಟಿದ ಗೋ ಭಾಷೆಯೂ ಅದೇ ದಾರಿ ಹಿಡಿಯಿತು. 1995ರಲ್ಲಿ ಕೊಟ್ಟ ಒಳ್ಳೆಯ ಸಲಹೆ ಇಪ್ಪತ್ತಾರು ವರ್ಷದ ನಂತರ ದೋಷವೆನಿಸಿ ಹೊರಗೆ ಹೋಯಿತು.

ಅರ್ಧವಿರಾಮದ ಮೇಲೆ ನನಗೆ ಮರುಕ ಹುಟ್ಟಿದ್ದು ಸುಳ್ಳಲ್ಲ. ಅದರಲ್ಲಿ ದೋಷವೇನೂ ಇರಲಿಲ್ಲ. ಮೊದಲ ದಿನವೇ ಎಲ್ಲರೂ ಅದನ್ನು ಹಿಡಿದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಅದು ಬಂದದ್ದು ಎರಡು ವರ್ಷ ತಡವಾಗಿ. ಬಂದ ಮೇಲೆ ಅದನ್ನು ಪೂರ್ತಿ ಒಳಗೂ ಕರೆಯಲಿಲ್ಲ, ಹೊರಗೂ ಕಳಿಸಲಿಲ್ಲ. ಮನೆಗಳಲ್ಲೂ ಹೀಗೇ ಅಲ್ಲವೇ? ಗಂಡನ ಮನೆಗೆ ಹೋದ ಹೊಸತರಲ್ಲಿ ನಾವು ಕೇಳುತ್ತೇವೆ, ಇದನ್ನು ಹೀಗೇಕೆ ಮಾಡುತ್ತೀರಿ ಎಂದು. ನಮ್ಮಲ್ಲಿ ಹಾಗೇ ಎಂಬ ಉತ್ತರ ಬರುತ್ತದೆ. ಯಾರೋ ಯಾವತ್ತೋ ಅವಸರಕ್ಕೆ ಮಾಡಿದ್ದು ಪದ್ಧತಿಯಾಗಿರುತ್ತದೆ. ಬದಲಿಸಬಾರದೆಂದಲ್ಲ. ಬದಲಿಸುವುದಾದರೆ ಬರೆಯುವವರೂ ಓದುವವರೂ ಒಟ್ಟಿಗೆ ಬದಲಿಸಬೇಕು. ಅರ್ಧ ಜನ ಒಂದು ಓದು, ಇನ್ನರ್ಧ ಜನ ಇನ್ನೊಂದು ಓದು ಎಂದಾದರೆ ನಡುವೆ ಇರುವವರಿಗೆ ಏಟು ಬೀಳುತ್ತದೆ.

ಹುಡುಗಿಯ ಅರ್ಜಿ ಕೊನೆಯ ದಿನ ಮಧ್ಯಾಹ್ನ ಹೆಡ್‌ಮಾಸ್ಟರ ಸಹಿಯೊಂದಿಗೆ ಹೋಯಿತು. ಹಣವೂ ಬಂತು. ಆದರೆ ಆ ಕೆಂಪು ಗೀಟು? ಅದನ್ನು ಅಳಿಸುವ ರಬ್ಬರ್ ನನ್ನಲ್ಲಿರಲಿಲ್ಲ. ಮರುದಿನ ತರಗತಿಯಲ್ಲಿ, ಬೈದದ್ದು ಎಲ್ಲರ ಎದುರಿಗಾದ್ದರಿಂದ, ಎಲ್ಲರ ಎದುರಿಗೇ ಹೇಳಿದೆ: "ಇವಳು ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ನಾನು ಓದಿದ್ದು ತಪ್ಪು." ಮಕ್ಕಳು ಕಣ್ಣು ಬಾಯಿ ಬಿಟ್ಟು ನೋಡಿದರು. ಹುಡುಗಿ ತಲೆ ತಗ್ಗಿಸಿ, "ಇರ್ಲಿ ಬಿಡಿ ಮಿಸ್" ಎಂದಳು. ಸಂಜೆ ಅವಳ ತಾಯಿಗೂ ಫೋನ್ ಮಾಡಿದೆ. ಆಕೆ ಎರಡು ಸಲ ಕೇಳಿದರು, "ಹಂಗಾದ್ರೆ ನಮ್ಮ ಹುಡುಗಿ ತಪ್ಪಿಲ್ವಾ ಮೇಡಂ?" ಎಂದು. ಇಲ್ಲಮ್ಮ, ಇಲ್ಲ ಎಂದೆ.

ಆ ವರ್ಷ ವಿರಾಮಚಿಹ್ನೆಗಳ ಪಾಠಕ್ಕೆ ಬಂದಾಗ ಬೋರ್ಡಿನ ಮೇಲೆ & ಮತ್ತು ; ಎರಡನ್ನೂ ಬರೆದು ಈ ಕಥೆ ಹೇಳಿದೆ. ಕೊನೆಯ ಬೆಂಚಿನಿಂದ ಅವಳೇ ಎದ್ದು ಬಳೆಯೊಳಗಿನ ಆರ್ ಬರೆದು ತೋರಿಸಿದಳು. ಈಗಲೂ ತಿದ್ದುತ್ತೇನೆ. ನೋಟ್‌ಬುಕ್ಕಿನಲ್ಲಿ ನನಗೆ ಅರ್ಥವಾಗದ ಗುರುತು ಕಂಡರೆ ಮಾತ್ರ ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಕೇಳುತ್ತೇನೆ, "ಇದನ್ನು ಎಲ್ಲಿ ನೋಡಿ ಬರೆದೆಯಮ್ಮಾ?"